ಲಿಲ್ಲಿ ಲೇಮನ್: ಗಾಯಕಿ ಮತ್ತು ಗುರು

ಶಾರೀರವು ಹುಟ್ಟಿನಿಂದ ಬಂದ ಭಾಗ್ಯವೆಂದು ನಾವು ವಾಡಿಕೆಯಾಗಿ ಹೇಳುತ್ತೇವೆ. ಜರ್ಮನಿಯ ಗಾಯಕಿ ಲಿಲ್ಲಿ ಲೇಮನ್ನಳ ಚರಿತ್ರೆಯನ್ನು ನೋಡಿದರೆ ಈ ಮಾತು ಅರ್ಧ ಮಾತ್ರ ನಿಜವೆಂದು ತೋರುತ್ತದೆ.

ಈಕೆ 1848ರಲ್ಲಿ ವುರ್ಟ್ಸ್‌ಬುರ್ಗ್ ನಗರದಲ್ಲಿ ಜನಿಸಿದಳು. ತಾಯಿ ಮರೀ ಲೋವ್ ಹಿಂದೆ ಹೆಸರಾಂತ ಗಾಯಕಿಯಾಗಿದ್ದವಳು. ಅನಂತರ ಪ್ರಾಗ್ ನಗರದ ನಾಟಕಶಾಲೆಯ ವಾದ್ಯವೃಂದದಲ್ಲಿ ಹಾರ್ಪ್ ನುಡಿಸಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದಳು. ಲಿಲ್ಲಿಗೆ ತಾಯಿಯೇ ಗುರು. 1865ರಲ್ಲಿ ಪ್ರಾಗ್‌ನಲ್ಲಿಯೇ ಮೊದಲ ಸಲ ರಂಗವೇರಿದ ಈಕೆ, 1870ರಲ್ಲಿ ಬರ್ಲಿನ್ನಿನ ರಾಜ ನಾಟಕಶಾಲೆಯನ್ನು ಸೇರಿದಳು. ಆಕೆಯದು ಸೊಪ್ರಾನೋ, ಎಂದರೆ ಸ್ತ್ರೀಕಂಠಗಳಲ್ಲಿ ಅತ್ಯಂತ ಎತ್ತರದ್ದು. ಆಗ ಅದು ತಾರಸ್ಥಾಯಿಯಲ್ಲಿ ಹಗುರವಾಗಿ ಓಡಾಡುವ ಶಾರೀರವಾಗಿದ್ದಿತು.

1876ರಲ್ಲಿ ಬೈರಾಯ್ಟ್‌ನಲ್ಲಿ ವಾಗ್ನರನ ‘ನಿಬೆಲುಂಗರ ಉಂಗುರ’ವು ಮೊದಲ ಬಾರಿ ಪೂರ್ಣವಾಗಿ ಪ್ರದರ್ಶಿತವಾಯಿತು. ರೈನ್ ನದಿಯ ಮೂವರು ಕನ್ಯೆಯರಲ್ಲಿ ಲಿಲ್ಲಿ ಒಬ್ಬಳು, ಆಕೆಯ ತಂಗಿ ಮತ್ತೊಬ್ಬಳು. ನೀರಿನಲ್ಲಿ ಈಜುವಂತೆ ಕಾಣಿಸಲು ಅವರನ್ನು ಯಂತ್ರಗಳ ಮೇಲೆ ಎತ್ತರದಲ್ಲಿ ಕಟ್ಟಿ ಓಡಾಡಿಸಬೇಕಾಗಿದ್ದಿತು. ಆ ಯಂತ್ರವನ್ನು ಕಂಡು ಲಿಲ್ಲಿ ಮೊದಲು ಏರಲೊಲ್ಲೆನೆಂದಳಂತೆ; ಕಡೆಗೆ ಏರಿದಳು, ಏರಿ ಹಾಡಿದಳು.

ನಿಜವಾದ ಪರೀಕ್ಷೆ ಬಂದುದು 1885ರಲ್ಲಿ. ಬರ್ಲಿನ್ನಿನಲ್ಲಿ ಆಕೆಗೆ ಶಾಶ್ವತವಾದ ಸ್ಥಾನವಿದ್ದಿತು. ಅಂಥದನ್ನು ಬಿಡುವವರು ಎಲ್ಲ ದೇಶಗಳಲ್ಲಿಯೂ ವಿರಳ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ನಾಟಕಶಾಲೆಗೆ ಹೋದ ಲಿಲ್ಲಿ, ರಜದ ಅವಧಿ ಮೀರಿದರೂ ಹಿಂದಿರುಗಲಿಲ್ಲ. ಕರಾರು ಮುರಿಯಿತು, ಜರ್ಮನಿಯ ನಾಟಕಶಾಲೆಗಳ ಬಾಗಿಲು ಮುಚ್ಚಿತು. 1891ರಲ್ಲಿ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನು ಕ್ಷಮಿಸುವವರೆಗೆ ಆ ಬಹಿಷ್ಕಾರ ನಡೆಯಿತು. ಕೊಟ್ಟ ಮಾತಿಗೆ ತಪ್ಪಿದುದನ್ನು ನಾವು ಸಮರ್ಥಿಸಲಾರೆವು. ಆದರೂ 1886ರಲ್ಲಿ ಅಮೆರಿಕದ ಮೊದಲ ಇಸೋಲ್ಡೆಯಾಗಿ, ಮುಂದೆ ಬ್ರುನ್‌ಹಿಲ್ಡೆಯಾಗಿ ಆಕೆ ಪಡೆದ ಕೀರ್ತಿಗೆ ಆ ಸಾಹಸವೇ ದಾರಿಯಾಯಿತೆಂಬುದನ್ನು ಮರೆಯಲಾಗದು.

ಹಗುರವಾದ ಕಂಠವು ಇಷ್ಟು ಭಾರವನ್ನು ಹೊತ್ತುದು ಹೇಗೆ? ಉತ್ತರವು 1902ರಲ್ಲಿ ಪ್ರಕಟವಾದ ಆಕೆಯ ‘ನನ್ನ ಗಾನಕಲೆ’ ಎಂಬ ಗ್ರಂಥದಲ್ಲಿದೆ. ಅದರಲ್ಲಿ ನಾದವು ತಲೆಯೊಳಗೆ ಎಲ್ಲೆಲ್ಲಿ ತಾಗಿದಂತೆ ಭಾಸವಾಗುವುದೆಂದು ಗೆರೆಗಳಿಂದ ತೋರಿಸುವ ಚಿತ್ರಗಳಿವೆ. ಶರೀರಶಾಸ್ತ್ರಜ್ಞರಿಗೆ ಇವು ಅಷ್ಟಾಗಿ ರುಚಿಸಲಾರವು. ಗ್ರಂಥದ ಸಾರವಿರುವುದು ‘ಮಹಾ ಸ್ವರಶ್ರೇಣಿ’ ಎಂಬ ಸಾಧಕದಲ್ಲಿ. ತಾಯಿಯಿಂದ ಬಂದ ಪಾಠವದು: ಆರೋಹಣ ಅವರೋಹಣಗಳನ್ನು ಅತಿ ವಿಳಂಬವಾಗಿ, ಸ್ವರದಿಂದ ಸ್ವರಕ್ಕೆ ನಾದವು ಕಡಿಯದಂತೆ ಹಾಡುವುದು. ನಮ್ಮ ವಿದ್ವಾಂಸರಿಗೆ ಅಕಾರ ಸಾಧಕದ ನೆನಪಾದೀತು.

ಬೆಲ್ಲೀನಿಯ ‘ನಾರ್ಮಾ’ ಒಂದನ್ನು ಹಾಡುವುದಕ್ಕಿಂತ ವಾಗ್ನರನ ಮೂರು ಬ್ರುನ್‌ಹಿಲ್ಡೆಯರನ್ನು ಹಾಡುವುದು ಸುಲಭವೆಂಬ ಅಭಿಪ್ರಾಯವು ಆಕೆಯದೆಂದು ಪ್ರಸಿದ್ಧವಾಗಿದೆ. ಆವೇಶದ ಮರೆಯಲ್ಲಿ ಅಡಗಬಹುದಾದ ದೋಷವು ನಿರಾಡಂಬರವಾದ ರಾಗದಲ್ಲಿ ಬಯಲಾಗುತ್ತದೆ.

ಗುರುವಾಗಿ ಆಕೆ ಬಹಳ ಕಠಿಣಳು. ಜೆರಾಲ್ಡಿನ್ ಫರಾರ್, ಆಲಿವ್ ಫ್ರೆಮ್‌ಸ್ಟಾಡ್ ಮೊದಲಾದವರು ಬರ್ಲಿನ್ನಿನಲ್ಲಿ ಆಕೆಯ ಬಳಿ ಕಲಿತರು. ಮೊಜಾರ್ಟನ ಹುಟ್ಟೂರಾದ ಸಾಲ್ಜ್‌ಬುರ್ಗ್‌ನ ಉತ್ಸವಗಳಿಗೂ ಅಲ್ಲಿನ ಮೊಜಾರ್ಟಿಯಂ ವಿದ್ಯಾಲಯಕ್ಕೂ ಆಕೆ ಬಹುವಾಗಿ ದುಡಿದಳು.

ಲಿಲ್ಲಿ ಲೇಮನ್ 1929ರಲ್ಲಿ ಬರ್ಲಿನ್ನಿನಲ್ಲಿ ನಿಧನಳಾದಳು. ಅದಕ್ಕೆ ಸುಮಾರು ಎರಡು ದಶಕಗಳ ಹಿಂದೆ, ಅರುವತ್ತರ ಸಮೀಪದಲ್ಲಿದ್ದಾಗ, ಆಕೆ ಗ್ರಾಮಫೋನ್ ತಟ್ಟೆಗಳಿಗಾಗಿ ಹಾಡಿದ್ದಳು. ಆ ಕಾಲದ ಯಂತ್ರದ ಗೊರಗೊರ ಸದ್ದಿನ ನಡುವೆಯೂ ‘ನಾರ್ಮಾ’ದ ಪ್ರಾರ್ಥನಾಗೀತವನ್ನು ಇಂದಿಗೂ ಆಕೆಯ ಕಂಠದಲ್ಲಿಯೇ ಕೇಳಬಹುದು.