ನಡುದಾರಿ ಇಲ್ಲದ ವಿಮಾನ

ವಿಮಾನ ಹತ್ತಿ, ಸೀಟಿನ ಬೆಲ್ಟು ಕಟ್ಟಿ, ಕಿಟಕಿಯಾಚೆ ನೋಡೋಣ ಅನ್ನುವಷ್ಟರಲ್ಲಿ "ಊರು ಬಂತು, ಇಳೀರಿ" ಅಂದ್ರೆ ಹೇಗಿರುತ್ತೆ? ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಡುವೆ ಲೋಗನೇರ್ ಕಂಪನಿ 1967ರಲ್ಲಿ ವಿಮಾನ ಶುರು ಮಾಡಿತು. ದೂರ 2.7 ಕಿಲೋಮೀಟರ್! ವೇಳಾಪಟ್ಟಿಯಲ್ಲಿ ಎರಡು ನಿಮಿಷ, ಒಮ್ಮೆ 53 ಸೆಕೆಂಡಿನಲ್ಲೇ ಮುಟ್ಟಿದ್ದೂ ಉಂಟು. ಕ್ವಿಜ್‌ಗಳಲ್ಲಿ ಈ ಪ್ರಶ್ನೆ ಬರುತ್ತಲೇ ಇರುತ್ತೆ. ಆದರೆ ಆ ವಿಮಾನ ಯಾವುದು ಅಂತ ಯಾರೂ ಕೇಳಲ್ಲ. ನನಗೆ ಅದೇ ಕುತೂಹಲ.

ಅದರ ಹೆಸರು ಐಲ್ಯಾಂಡರ್. ಎರಡು ಎಂಜಿನ್, ಪೈಲಟ್ ಸೇರಿ ಹತ್ತು ಜನ. ನೋಡೋಕೆ ರೆಕ್ಕೆ ಹಚ್ಚಿದ ಮೆಟಡೋರ್ ಥರ ಇದೆ. ಚಂದ ಅಂತ ಹೇಳಲಾರೆ.

ಇದನ್ನು ಮಾಡಿದವರು ಜಾನ್ ಬ್ರಿಟನ್ ಮತ್ತು ಡೆಸ್ಮಂಡ್ ನಾರ್ಮನ್. ಡಿ ಹ್ಯಾವಿಲೆಂಡ್ ಕಂಪನಿಯ ತರಬೇತಿ ಶಾಲೆಯಲ್ಲಿ ಜೊತೆಯಾದ ಗೆಳೆಯರು. ಮೊದಲು ಇವರು ಕೈ ಹಾಕಿದ್ದು ವಿಮಾನದಿಂದ ಬೆಳೆಗೆ ಔಷಧಿ ಸಿಂಪಡಿಸುವ ಕೆಲಸಕ್ಕೆ. ಆಮೇಲೆ ಆಫ್ರಿಕಾದ ಕ್ಯಾಮರೂನಿನ ತೋಟಗಳಿಂದ ಬಾಳೆಹಣ್ಣು ಸಾಗಿಸೋಕೆ ಅಂತ ಒಂದು ಹೋವರ್‌ಕ್ರಾಫ್ಟನ್ನೂ ಮಾಡಿದರು (ಹೌದು, ಬಾಳೆಹಣ್ಣಿಗೆ!). ಅದೇ ಕ್ಯಾಮರೂನಿನ ಒಂದು ಪುಟ್ಟ ವಿಮಾನ ಕಂಪನಿಯಲ್ಲಿ ಇವರದ್ದೂ ಪಾಲಿತ್ತು. ಅಲ್ಲಿ ಸಮಸ್ಯೆ ಕಣ್ಣಿಗೆ ಬಿತ್ತು. ಚಿಕ್ಕ ಊರುಗಳಿಗೆ, ಹುಲ್ಲು ಮಣ್ಣಿನ ರನ್‌ವೇಗಳಿಗೆ ಹತ್ತು ಜನರನ್ನು ಒಯ್ಯುವ ಅಗ್ಗದ ಹೊಸ ವಿಮಾನವೇ ಇರಲಿಲ್ಲ. 1934ರ ಡ್ರ್ಯಾಗನ್ ರಾಪಿಡ್, ಅಂದ್ರೆ ಮರ ಮತ್ತು ಬಟ್ಟೆಯ ವಿಮಾನ, ಮುದಿಯಾಗಿತ್ತು. ಆ ಜಾಗಕ್ಕೆ ಬೇರೆ ಯಾರೂ ಬರ್ತಿರಲಿಲ್ಲ.

ಇಲ್ಲಿಂದ ಮುಂದಿನದು ನನಗೆ ತುಂಬ ಇಷ್ಟ. ಇವರು ಏನೇನು ಸೇರಿಸಬೇಕು ಅಂತಲ್ಲ, ಏನೇನು ಬಿಡಬಹುದು ಅಂತ ಯೋಚಿಸಿದರು. ಚಕ್ರ ಒಳಗೆ ಮಡಚಿಕೊಳ್ಳೋದು ಬೇಡ, ಕೆಳಗೇ ಇರಲಿ. ವೇಗ ಸ್ವಲ್ಪ ಕಡಿಮೆಯಾಗುತ್ತೆ, ಆದರೆ ಹತ್ತು ನಿಮಿಷದ ಹಾರಾಟದಲ್ಲಿ ಅದರಿಂದ ಎಷ್ಟು ನಷ್ಟ? ಮಡಚುವ ಯಂತ್ರವೇ ಇಲ್ಲದಿದ್ದರೆ ಅದು ಕೆಡೋದೂ ಇಲ್ಲ. ರೆಕ್ಕೆ ಬುಡದಿಂದ ತುದಿಯವರೆಗೂ ಒಂದೇ ಅಗಲ, ಹಲಗೆಯ ಹಾಗೆ, ಮಾಡೋಕೆ ಸುಲಭ. ಒಳಗಿನ ಗಾಳಿಯ ಒತ್ತಡ ಕಾಯುವ ವ್ಯವಸ್ಥೆಯೂ ಇಲ್ಲ, ಅಷ್ಟು ಮೇಲೆ ಹೋಗುವುದೇ ಇಲ್ಲವಲ್ಲ. ಕೊನೆಗೆ ಸೀಟುಗಳ ನಡುವಿನ ಓಡಾಟದ ದಾರಿಯನ್ನೂ ತೆಗೆದುಬಿಟ್ಟರು! ಪಕ್ಕದ ಬಾಗಿಲು ತೆಗೆದು ಕಾರಿಗೆ ಹತ್ತುವ ಹಾಗೆ ನೇರ ಸೀಟಿಗೇ ಹತ್ತಬೇಕು. ದಾರಿ ಇಲ್ಲದ್ದರಿಂದ ವಿಮಾನದ ಹೊಟ್ಟೆ ಸಣ್ಣದಾಯಿತು, ಹೊಟ್ಟೆ ಸಣ್ಣದಾದ್ದರಿಂದ ತೂಕ ಇಳಿಯಿತು, ಸಾಧಾರಣ ಪಿಸ್ಟನ್ ಎಂಜಿನ್‌ಗಳೇ ಸಾಕಾದವು. ಸುಮಾರು 350 ಮೀಟರಿನಲ್ಲಿ ನೆಲ ಬಿಟ್ಟು ಏಳುತ್ತೆ.

1965ರ ಜೂನ್ 13ರಂದು ಐಲ್ ಆಫ್ ವೈಟ್ ದ್ವೀಪದ ಬೆಂಬ್ರಿಜ್‌ನಲ್ಲಿ ಮೊದಲ ಹಾರಾಟ. ಶಕ್ತಿ ಸಾಲದು ಅನ್ನಿಸಿ ರೆಕ್ಕೆ ನಾಲ್ಕು ಅಡಿ ಉದ್ದ ಮಾಡಿ, 260 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಕೂರಿಸಿದರು. ಆಮೇಲೆ ಬೇಡಿಕೆ ಎಷ್ಟು ಬಂತೆಂದರೆ ರೊಮೇನಿಯಾದ ಬುಕಾರೆಸ್ಟಿನಲ್ಲೂ ಕಟ್ಟಿಸಬೇಕಾಯ್ತು. ಒಟ್ಟು 1,200ಕ್ಕೂ ಹೆಚ್ಚು ತಯಾರಾಗಿವೆ. ವಿಚಿತ್ರ ನೋಡಿ, ವಿಮಾನ ಗೆದ್ದರೂ ಕಂಪನಿ ದುಡ್ಡಿಲ್ಲದೆ 1971ರಲ್ಲಿ ದಿವಾಳಿಯ ಅಂಚಿಗೆ ಬಂತು, ಮುಂದೆ ಕೈಯಿಂದ ಕೈಗೆ ಹೋಯಿತು. ಬ್ರಿಟನ್ 1977ರಲ್ಲಿ ತೀರಿಕೊಂಡರು.

ನಮ್ಮ ದೇಶಕ್ಕೂ ಬಂದಿತ್ತು ಇದು. 1976ರಿಂದ ನೌಕಾಪಡೆಯ ಕೊಚ್ಚಿ ನೆಲೆಯಲ್ಲಿ, 1984ರಿಂದ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ. ಕರಾವಳಿ ಕಾವಲಿನ ಕೆಲಸಕ್ಕೆ ಆಮೇಲೆ ಎಚ್‌ಎಎಲ್‌ನ ಕಾನ್ಪುರ ಘಟಕದ ಡಾರ್ನಿಯರ್‌ಗಳು ಬಂದವು.

ಇಷ್ಟು ಓದಿ ನಾನೂ "ಬೇಡದ್ದನ್ನೆಲ್ಲ ಬಿಟ್ಟರೆ ಒಳ್ಳೇ ಎಂಜಿನಿಯರಿಂಗ್" ಅಂತ ಖುಷಿಯಲ್ಲಿದ್ದೆ. ನಾವು ಕೋಡ್ ಬರೆಯುವವರಿಗೆ ಇಂಥ ಕಥೆ ಬಲು ಬೇಗ ಹಿಡಿಸುತ್ತೆ. ಆಮೇಲೆ ಸ್ಕಾಟ್ಲೆಂಡಿನ ಆಂಬ್ಯುಲೆನ್ಸ್ ವಿಷಯ ಓದಿದೆ.

ದ್ವೀಪಗಳ ರೋಗಿಗಳನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಿದ್ದದ್ದೂ ಲೋಗನೇರ್‌ನ ಇದೇ ಐಲ್ಯಾಂಡರ್‌ಗಳು. ಸೀಟು ತೆಗೆದು ಸ್ಟ್ರೆಚರ್ ಇಟ್ಟರೆ ಆಯಿತು. 2005ರ ಮಾರ್ಚ್ 15ರ ರಾತ್ರಿ ಗ್ಲಾಸ್ಗೋದಿಂದ ಕ್ಯಾಂಬೆಲ್‌ಟೌನಿಗೆ ಒಂದು ಮಗುವನ್ನು ಕರೆತರಲು ಹೊರಟ ವಿಮಾನ ಸಮುದ್ರಕ್ಕೆ ಬಿತ್ತು. ಪೈಲಟ್ ಮತ್ತು ಪ್ಯಾರಾಮೆಡಿಕ್ ಇಬ್ಬರೂ ಉಳಿಯಲಿಲ್ಲ. ಎಂಜಿನ್ ಕೈಕೊಟ್ಟಿರಲಿಲ್ಲ. ಕತ್ತಲು, ಕೆಳಗಿಳಿದ ಮೋಡ, ಪೈಲಟ್ ಒಬ್ಬರೇ. ಇಳಿಯುವ ಹೊತ್ತಿಗೆ ಇರಬೇಕಾದ ಎತ್ತರಕ್ಕಿಂತ ವಿಮಾನ ಕೆಳಗೆ ಹೋಗಿತ್ತು. ನೀರು ಹತ್ತಿರವಾಯ್ತು ಅಂತ ಎಚ್ಚರಿಸುವ ರೇಡಿಯೋ ಆಲ್ಟಿಮೀಟರ್ ಅದರಲ್ಲಿ ಇರಲಿಲ್ಲ.

ಅದನ್ನು ಬೆಂಬ್ರಿಜ್‌ನ ಆ ಇಬ್ಬರ ತಪ್ಪು ಅನ್ನಲಾರೆ. ಹಗಲಲ್ಲಿ, ದ್ವೀಪ ಕಣ್ಣೆದುರೇ ಇರುವ ಹಾರಾಟಕ್ಕೆ ಅವರ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಯಂತ್ರದಿಂದ ಇಳಿಸಿದ ಕೆಲಸ ಮಾಯವಾಗಿರಲಿಲ್ಲ, ಅದು ಪೈಲಟ್‌ನ ಹೆಗಲಿಗೆ ಬಂದು ಕೂತಿತ್ತು. ಹಗಲಲ್ಲಿ ಹಗುರಾದದ್ದು ಆ ರಾತ್ರಿ ಹಾಗಿರಲಿಲ್ಲ.

2006ರಲ್ಲಿ ಸ್ಕಾಟ್ಲೆಂಡಿನ ಆಂಬ್ಯುಲೆನ್ಸ್ ಸೇವೆ ಕಿಂಗ್ ಏರ್ ವಿಮಾನಗಳಿಗೆ ಮತ್ತು ಹೆಲಿಕಾಪ್ಟರುಗಳಿಗೆ ಹೋಯಿತು. ಪಾಪಾ ವೆಸ್ಟ್ರೇಗೆ ಮೇಷ್ಟ್ರುಗಳನ್ನೂ ಡಾಕ್ಟರುಗಳನ್ನೂ ಒಯ್ಯುವ ಕೆಲಸ ಐಲ್ಯಾಂಡರ್‌ಗೇ ಉಳಿಯಿತು.