ಪಿಂಕ್ ಫ್ಲಾಯ್ಡ್: ನನ್ನ ಮೂರು ಹಾಡುಗಳು

ಪಿಂಕ್ ಫ್ಲಾಯ್ಡ್ ಹಾಡುಗಳಲ್ಲಿ ಯಾವುದು ಹೆಚ್ಚು, ಯಾವುದು ಕಮ್ಮಿ ಅಂತ ಹೇಳೋದು ಕಷ್ಟ. ಆದರೂ ಒಂದು ಪಟ್ಟಿ ಮಾಡಿದ್ದೇನೆ. ಅದಕ್ಕೆ ಮೊದಲು ಸ್ವಲ್ಪ ಇತಿಹಾಸ.

ಇಬ್ಬರು ಅಮೆರಿಕನ್ ಬ್ಲೂಸ್ ಗಾಯಕರ ಹೆಸರು ಜೋಡಿಸಿ ಈ ಬ್ರಿಟಿಷ್ ತಂಡಕ್ಕೆ ಹೆಸರಿಟ್ಟವನು ಸಿಡ್ ಬ್ಯಾರೆಟ್. 1967ರ ಮೊದಲ ಆಲ್ಬಮ್‌ನ ಬಹುಪಾಲು ಹಾಡುಗಳೂ ಅವನವೇ. ಅಷ್ಟರಲ್ಲೇ ಅವನ ಮನಸ್ಸಿನ ಸಮತೋಲ ತಪ್ಪತೊಡಗಿತ್ತು. 1968ರ ಜನವರಿಯಲ್ಲಿ ಒಂದು ದಿನ, ಕಾರ್ಯಕ್ರಮಕ್ಕೆ ಹೊರಟ ಗೆಳೆಯರು ಅವನನ್ನು ಕರೆದುಕೊಂಡು ಹೋಗಲೇ ಇಲ್ಲ. ಜಗಳವಿಲ್ಲ, ವಿದಾಯವಿಲ್ಲ... ಸುಮ್ಮನೆ ಬಿಟ್ಟುಹೋದರು.

3. ಟೈಮ್ (1973): ಶುರುವಿನ ಗಡಿಯಾರಗಳ ಗದ್ದಲವನ್ನು ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೇ ಗಡಿಯಾರಗಳ ಅಂಗಡಿಯಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ಆಯುಸ್ಸು ಸರಿದುಹೋಗುವ ಬಗ್ಗೆ ಇದನ್ನು ಬರೆದಾಗ ರೋಜರ್ ವಾಟರ್ಸ್‌ಗೆ ಇನ್ನೂ ಮೂವತ್ತಾಗಿರಲಿಲ್ಲ!

2. ವಿಶ್ ಯು ವರ್ ಹಿಯರ್ (1975): ಮೊದಲು ಗಿಟಾರ್ ಎಲ್ಲೋ ದೂರದ ರೇಡಿಯೋದಿಂದ ಬಂದಂತೆ ಕೇಳುತ್ತದೆ. ಆಮೇಲೆ ಇನ್ನೊಂದು ಗಿಟಾರ್ ನಮ್ಮ ಪಕ್ಕದಲ್ಲೇ ಕೂತು ಅದಕ್ಕೆ ಉತ್ತರ ಕೊಡುತ್ತದೆ. ಊರು ಬಿಟ್ಟು ಬಂದ ನಮಗೆ ಆ ದೂರವನ್ನು ಯಾರೂ ವಿವರಿಸಬೇಕಿಲ್ಲ.

1. ಶೈನ್ ಆನ್ ಯು ಕ್ರೇಜಿ ಡೈಮಂಡ್ (1975): ಒಂಬತ್ತು ಭಾಗ, ಸುಮಾರು 26 ನಿಮಿಷ. ಸಿಡ್‌ನನ್ನು ನೆನೆದೇ ಬರೆದದ್ದು. ಆ ಆಲ್ಬಮ್‌ನ ಕೆಲಸ ನಡೆಯುತ್ತಿದ್ದಾಗ, 1975ರ ಜೂನ್‌ನಲ್ಲಿ, ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋಗೆ ತಲೆ, ಹುಬ್ಬು ಬೋಳಿಸಿಕೊಂಡಿದ್ದ ಒಬ್ಬ ದಪ್ಪನೆಯ ಮನುಷ್ಯ ಬಂದ. ಮೊದಲಿಗೆ ಯಾರಿಗೂ ಗುರುತು ಹತ್ತಲಿಲ್ಲ. ಅವನೇ ಸಿಡ್! ಗೊತ್ತಾದಾಗ ವಾಟರ್ಸ್ ಅತ್ತುಬಿಟ್ಟರು.

ಸಿಡ್ 2006ರಲ್ಲಿ ತೀರಿಕೊಂಡ. ಬಿಟ್ಟುಬಂದ ಗೆಳೆಯನನ್ನು ನೆನೆದು ಹಾಡುವುದು ಸುಲಭ, ಅವನೇ ಎದುರಿಗೆ ಬಂದು ನಿಂತರೆ? ಈ ಹಾಡು ಪ್ರತಿ ಸಲವೂ ನನ್ನನ್ನು ಅದನ್ನೇ ಕೇಳುತ್ತದೆ. ಅದಕ್ಕೇ ಮೊದಲ ಸ್ಥಾನ.

ನಿಮ್ಮ ಮೂರು ಯಾವುವು?