ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ

ಕನ್ನಡ ಬೈಬಲ್ಲನ್ನು ಕೈಗೆತ್ತಿಕೊಂಡವರಿಗೆ ಅದು ಎರಡು ಭಾಗಗಳಾಗಿರುವುದು ಮೊದಲ ನೋಟಕ್ಕೇ ತಿಳಿಯುತ್ತದೆ. ಒಂದು ಹಳೆಯ ಒಡಂಬಡಿಕೆ. ಇನ್ನೊಂದು ಹೊಸ ಒಡಂಬಡಿಕೆ. ‘ಒಡಂಬಡು’ ಎಂಬುದು ಹಳಗನ್ನಡದ ಧಾತು. ಒಪ್ಪು, ಸಮ್ಮತಿಸು ಎಂದು ಅದರ ಅರ್ಥ. ಹಿಂದೊಮ್ಮೆ ತರಗತಿಯಲ್ಲಿ ಈ ಪದವನ್ನು ವಿವರಿಸುತ್ತಿದ್ದಾಗ ಹುಡುಗನೊಬ್ಬ ಎದ್ದು, “ಸಾರ್, ಹೊಸ ಕರಾರು ಬರೆದ ಮೇಲೆ ಹಳೆಯದು ರದ್ದಾಗುವುದಿಲ್ಲವೆ?” ಎಂದು ಕೇಳಿದ. ಬಾಲಕನ ಮಾತೆಂದು ನಕ್ಕು ಬಿಡುವ ಹಾಗಿಲ್ಲ. ಕ್ರೈಸ್ತ ಧರ್ಮವನ್ನು ಅದರ ಆರಂಭಕಾಲದಿಂದ ಕಾಡುತ್ತ ಬಂದ ಪ್ರಶ್ನೆಯೇ ಅದು.

ಪ್ರಾಚೀನ ಪಶ್ಚಿಮ ಏಷ್ಯದಲ್ಲಿ ಒಡಂಬಡಿಕೆಯೆಂದರೆ ಬಹು ಗಂಭೀರವಾದ ವಿಷಯ. ತುರ್ಕಿ ದೇಶದ ಬೊಗಜ್‌ಕೊಯ್ ಎಂಬಲ್ಲಿ 1906ರಲ್ಲಿ ಆರಂಭವಾದ ಉತ್ಖನನದಲ್ಲಿ ಹಿಟ್ಟೈಟ್ ರಾಜರ ಕೌಲುಪತ್ರಗಳು ಮಣ್ಣಿನ ಫಲಕಗಳ ಮೇಲೆ ದೊರೆತವು. ಪೂರ್ವವೃತ್ತಾಂತ, ಷರತ್ತುಗಳು, ದೇವತಾಸಾಕ್ಷಿ, ಪಾಲಿಸಿದವರಿಗೆ ವರ, ಮುರಿದವರಿಗೆ ಶಾಪ—ಇದು ಅವುಗಳ ಕ್ರಮ. ಕ್ರಿ. ಪೂ. 14ನೆಯ ಶತಮಾನದ ಒಂದು ಕೌಲಿನಲ್ಲಿ ನಮ್ಮ ವೇದಗಳ ಮಿತ್ರ, ವರುಣ, ಇಂದ್ರ, ನಾಸತ್ಯರೂ ಸಾಕ್ಷಿಗಳಾಗಿ ನಿಂತಿದ್ದಾರೆ! ನಮ್ಮ ಶಾಸನಗಳ ಕೊನೆಯ ಶಾಪವಾಕ್ಯಗಳನ್ನು ಬಲ್ಲವರಿಗೆ ಈ ರೀತಿ ಅಪರಿಚಿತವೆನಿಸದು.

ಇಸ್ರಾಯೇಲ್ ಜನರು ಇಂಥದೇ ಮಾತಿನಲ್ಲಿ ದೇವರೊಡನೆ ತಮಗಿರುವ ಸಂಬಂಧವನ್ನು ಹೇಳಿಕೊಂಡರು. ಅಬ್ರಹಾಮನಿಗೆ ಸಂತತಿಯ ಮತ್ತು ನಾಡಿನ ವಾಗ್ದಾನ. ಸೀನಾಯಿ ಬೆಟ್ಟದಲ್ಲಿ ಮೋಶೆಯ ಮೂಲಕ ಧರ್ಮಶಾಸ್ತ್ರ. ದಾವೀದನಿಗೆ ಶಾಶ್ವತ ಸಿಂಹಾಸನದ ಭಾಷೆ. ಸೀನಾಯಿಯಲ್ಲಿ ಯಜ್ಞಪಶುವಿನ ರಕ್ತದಲ್ಲಿ ಅರ್ಧವನ್ನು ವೇದಿಕೆಗೂ ಅರ್ಧವನ್ನು ಜನರಿಗೂ ಪ್ರೋಕ್ಷಿಸಿದರೆಂದು ವಿಮೋಚನಕಾಂಡ ಹೇಳುತ್ತದೆ.

ಆದರೆ ಕ್ರಿ. ಪೂ. 587ರ ಸುಮಾರಿಗೆ ಬಾಬೆಲಿನ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮನ್ನು ಹಿಡಿಯಿತು. ದೇವಾಲಯ ಸುಟ್ಟುಹೋಯಿತು, ದಾವೀದನ ಸಿಂಹಾಸನ ಬರಿದಾಯಿತು, ಜನ ಸೆರೆಹೋದರು. ಕೊಟ್ಟ ಭಾಷೆ ಏನಾಯಿತು? ಆ ದುರ್ದಿನಗಳನ್ನು ಕಣ್ಣಾರೆ ಕಂಡ ಪ್ರವಾದಿ ಯೆರೆಮೀಯ. ದೇವರು ಹೊಸ ಒಡಂಬಡಿಕೆಯೊಂದನ್ನು ಮಾಡುವನು, ಧರ್ಮವನ್ನು ಈ ಬಾರಿ ಹೃದಯದಲ್ಲಿಯೇ ಬರೆಯುವನು ಎಂಬ ಭರವಸೆ ಅವನ ಹೆಸರಿನ ಗ್ರಂಥದ 31ನೆಯ ಅಧ್ಯಾಯದಲ್ಲಿದೆ.

ಸುಮಾರು ಆರು ಶತಮಾನಗಳ ಬಳಿಕ ಯೇಸುವಿನ ಶಿಷ್ಯರು ಈ ಭರವಸೆ ತಮ್ಮ ಗುರುವಿನಲ್ಲಿ ನೆರವೇರಿತೆಂದು ಸಾರಿದರು. ಕಡೆಯ ಭೋಜನದಲ್ಲಿ ಯೇಸು ಪಾತ್ರೆಯನ್ನೆತ್ತಿ, ಅದು ತನ್ನ ರಕ್ತದಲ್ಲಿ ಸ್ಥಾಪಿತವಾಗುವ ಹೊಸ ಒಡಂಬಡಿಕೆಯೆಂದು ನುಡಿದನೆಂದು ಪೌಲನು ಕ್ರಿ. ಶ. 55ರ ಸುಮಾರಿಗೆ ಕೊರಿಂಥದವರಿಗೆ ಬರೆದ. ಸೀನಾಯಿಯ ರಕ್ತವೂ ಯೆರೆಮೀಯನ ಮಾತೂ ಅಲ್ಲಿ ಒಂದುಗೂಡಿದವು. ಸಿಲುಬೆಯ ಮರಣವನ್ನು ಅವರು ಸೋಲೆಂದು ಎಣಿಸದೆ ವಾಗ್ದಾನದ ಪೂರ್ತಿಯೆಂದು ಕಂಡದ್ದು ಹೀಗೆ. ‘ಹೊಸ ಒಡಂಬಡಿಕೆ’ ಎಂಬ ಮಾತನ್ನು ಬಳಸಿದವರು ಇವರೊಬ್ಬರೇ ಅಲ್ಲ. ಮೃತ ಸಮುದ್ರದ ತೀರದ ಗವಿಗಳಲ್ಲಿ 1947ರಿಂದ ದೊರೆತ ಸುರುಳಿಗಳ ಯೆಹೂದಿ ಪಂಥದವರೂ ಅದನ್ನು ತಮಗೆ ಅನ್ವಯಿಸಿಕೊಂಡಿದ್ದರು.

ಹಾಗಾದರೆ ಹಳೆಯದು ರದ್ದಾಯಿತೆ? ಮಾರ್ಸಿಯನ್ ಎಂಬವನು ಹೌದೆಂದ. ಯೆಹೂದ್ಯರ ಗ್ರಂಥವನ್ನೇ ತೊರೆಯಬೇಕೆಂದ. ಕ್ರಿ. ಶ. 144ರ ಸುಮಾರಿಗೆ ರೋಮಿನ ಸಭೆ ಅವನನ್ನು ಹೊರಹಾಕಿತು. ಹಳೆಯ ಒಡಂಬಡಿಕೆ ಇಂದಿಗೂ ಬೈಬಲ್ಲಿನ ಮೊದಲ ಭಾಗವಾಗಿ ಉಳಿದಿದೆ. ಆದರೆ ಗ್ರಂಥವನ್ನು ಉಳಿಸಿಕೊಂಡವರೇ ಆ ಗ್ರಂಥವನ್ನು ಕಾಪಾಡಿಕೊಟ್ಟ ಜನರನ್ನು ಬಹುಕಾಲ ತಿರಸ್ಕರಿಸಿದರು. ಹಳೆಯದು ಜೀರ್ಣವಾಗುತ್ತಿದೆಯೆಂಬ ಇಬ್ರಿಯರಿಗೆ ಬರೆದ ಪತ್ರಿಕೆಯ ಮಾತು ಅವರ ಕಿವಿಯಲ್ಲಿ ನಿಂತಿತು. ದೇವರ ವರಗಳೂ ಕರೆಯೂ ಹಿಂದೆಗೆಯಲಾಗದವೆಂದು ಪೌಲನು ರೋಮಿನವರಿಗೆ ಬರೆದದ್ದು ಮರೆಯಿತು. ಈ ಮರೆತ ಮಾತನ್ನು ಮತ್ತೆ ಮುಂದಿಟ್ಟದ್ದು 1965ರ ಅಕ್ಟೋಬರ್ 28ರಂದು ಹೊರಟ ಎರಡನೆಯ ವ್ಯಾಟಿಕನ್ ಮಹಾಸಭೆಯ ಘೋಷಣೆ. ಅಷ್ಟರಲ್ಲಿ ಯುರೋಪಿನಲ್ಲಿ ಅರುವತ್ತು ಲಕ್ಷದಷ್ಟು ಯೆಹೂದ್ಯರು ನಾಟ್ಸಿಗಳಿಂದ ಹತರಾಗಿದ್ದರು.

ಯೆರೆಮೀಯನ ಆ ಅಧ್ಯಾಯವನ್ನು ಇನ್ನೆರಡು ವಾಕ್ಯ ಮುಂದಕ್ಕೆ ಓದಿದ್ದರೆ ಸಾಕಾಗಿತ್ತು. ಹೊಸ ಒಡಂಬಡಿಕೆಯ ಮಾತು ಮುಗಿದೊಡನೆ ಅಲ್ಲಿ ಸೂರ್ಯಚಂದ್ರರ ಮಾತು ಬರುತ್ತದೆ; ಅವುಗಳ ನಿಯಮ ತಪ್ಪುವವರೆಗೆ ಇಸ್ರಾಯೇಲ್ ಜನಾಂಗ ಅಳಿಯದೆಂಬ ಅಭಯ ಅದು. ನಮ್ಮ ಶಾಸನಗಳ ಭಾಷೆಯಲ್ಲಿ ಹೇಳುವುದಾದರೆ ಅದು ಆಚಂದ್ರಾರ್ಕವಾದ ಭಾಷೆ. ಆ ಹುಡುಗನಿಗೆ ನಾನು ಹೇಳಿದ್ದಿಷ್ಟೆ: “ಕರಾರು ರದ್ದಾಗಬಹುದು, ಮಗು, ವಾಗ್ದಾನ ನೆರವೇರುತ್ತದೆ. ನೆರವೇರಿದ ಮಾತು ಸುಳ್ಳಾದ ಮಾತಲ್ಲ.” ವಾಚಕರೇ, ಇವೆರಡರ ಭೇದವನ್ನು ಮರೆತದ್ದಕ್ಕೆ ತೆತ್ತ ಬೆಲೆಯನ್ನು ಚರಿತ್ರೆ ಬರೆದಿಟ್ಟಿದೆ.